ಶಾಲೆಯನ್ನು ಹುಡುಕುವವರೂ, ಹುಡುಕುವವರನ್ನು ಎಣಿಸುವವರೂ

ಗೃಹಸ್ಥನಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಚಿಂತೆಗಳಲ್ಲಿ ಮಕ್ಕಳ ಶಾಲೆಯ ಚಿಂತೆಯು ದೊಡ್ಡದು. ಯುಗಾದಿ ಕಳೆದು ಬೇಸಗೆಯ ರಜವು ಹತ್ತಿರವಾಗುತ್ತಲೇ ಮನೆಮನೆಯಲ್ಲಿಯೂ ಈ ಮಾತು ಹುಟ್ಟುವುದು. ಮಗುವನ್ನು ಊರಿನ ಸರಕಾರಿ ಶಾಲೆಗೆ ಕಳುಹಿಸುವುದೋ, ಹತ್ತಿರದ ಪಟ್ಟಣದ ಖಾಸಗಿ ಶಾಲೆಗೆ ಸೇರಿಸುವುದೋ. ಕನ್ನಡ ಮಾಧ್ಯಮವೋ, ಇಂಗ್ಲಿಷ್ ಮಾಧ್ಯಮವೋ. ಶುಲ್ಕಕ್ಕೆ ಹಣವೆಲ್ಲಿಂದ ಬರುವುದು. ಶಾಲೆಯ ವಾಹನವು ಮನೆಯ ಹತ್ತಿರಕ್ಕೆ ಬರುವುದೋ ಇಲ್ಲವೋ—ಹೀಗೆ ಪ್ರಶ್ನೆಗಳು ಒಂದರ ಬೆನ್ನಿಗೊಂದು ಏಳುವುವು. ಹಿಂದೆ ಇವುಗಳಿಗೆ ಉತ್ತರವನ್ನು ಊರಿನ ಹಿರಿಯರಿಂದಲೂ, ನೆಂಟರಿಂದಲೂ, ಸಂತೆಯಲ್ಲಿ ಕಂಡ ಪರಿಚಯಸ್ಥರಿಂದಲೂ ಪಡೆಯುತ್ತಿದ್ದರು. ಈಗ ಅವರೆಲ್ಲರಿಗಿಂತ ಮೊದಲು ಕೈಯಲ್ಲಿರುವ ಮೊಬೈಲನ್ನು ಕೇಳುವ ವಾಡಿಕೆಯಾಗಿದೆ. ಆ ವಾಡಿಕೆಯ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಉದಾಹರಣೆಗೆ ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲೂಕಿನ ಎಮ್ಮಿಗನೂರನ್ನು ತೆಗೆದುಕೊಳ್ಳೋಣ. ತುಂಗಭದ್ರೆಯ ನೀರಾವರಿಯ ಸೀಮೆ. ಭತ್ತವೇ ಮುಖ್ಯವಾದ ಬೆಳೆ. ಇಂಥ ಊರಿನ ತಂದೆತಾಯಿಗಳಿಗೆ ಕಂಪ್ಲಿ, ಕುರುಗೋಡು, ಗಂಗಾವತಿ, ಹೊಸಪೇಟೆ, ಬಳ್ಳಾರಿ ಈ ಎಲ್ಲ ಪಟ್ಟಣಗಳ ಶಾಲೆಗಳೂ ಮನಸ್ಸಿನಲ್ಲಿ ಬಂದುಹೋಗುವುವು. ಐದು ಪಟ್ಟಣಗಳನ್ನು ಸುತ್ತಿ ಶಾಲೆಗಳನ್ನು ನೋಡಿ ಬರುವುದು ಎಲ್ಲರಿಂದಲೂ ಆಗತಕ್ಕ ಕೆಲಸವಲ್ಲ. ಆದುದರಿಂದ ರಾತ್ರಿ ಊಟವಾದ ಮೇಲೆ ಮನೆಯವರು ಮೊಬೈಲನ್ನು ಹಿಡಿದು, ಗೂಗಲಿನಲ್ಲಿ ಶಾಲೆಯ ಹೆಸರನ್ನು ಹುಡುಕುವರು. ಕೆಲವು ಶಾಲೆಗಳ ಜಾಲತಾಣಗಳು ತೆರೆದುಕೊಳ್ಳುವುವು. ಬಣ್ಣದ ಚಿತ್ರಗಳು, ನಗುವ ಮಕ್ಕಳು, ಕಂಪ್ಯೂಟರಿನ ಕೊಠಡಿ, ಕಡೆಯಲ್ಲಿ ‘ನಿಮ್ಮ ಹೆಸರು, ಮಗುವಿನ ಹೆಸರು, ತರಗತಿ, ಮೊಬೈಲ್ ಸಂಖ್ಯೆ ಬರೆಯಿರಿ’ ಎಂಬ ಒಂದು ಸಣ್ಣ ಕಾಗದ. ಇಲ್ಲಿಯವರೆಗೆ ಎಲ್ಲರಿಗೂ ತಿಳಿದುದೇ. ಆದರೆ ನಾವು ಶಾಲೆಯನ್ನು ನೋಡುತ್ತಿರುವಾಗಲೇ ನಮ್ಮನ್ನೂ ಒಂದು ಯಂತ್ರವು ಎಣಿಸುತ್ತಿರುವುದೆಂಬ ಸಂಗತಿಯು ಎಲ್ಲರಿಗೂ ತಿಳಿದಿರಲಾರದು.

ಶಾಲೆಗಳು ಮಕ್ಕಳನ್ನು ಸೇರಿಸಿಕೊಳ್ಳಲು ಮಾಡುವ ಪ್ರಯತ್ನಗಳಲ್ಲಿ ಎರಡು ಬಗೆಗಳುಂಟು. ಗೋಡೆಯ ಮೇಲೆ ಹೆಸರು ಬರೆಯಿಸುವುದು, ಬಸ್ಸಿನ ನಿಲ್ದಾಣದಲ್ಲಿ ಬ್ಯಾನರು ಕಟ್ಟಿಸುವುದು, ಕರಪತ್ರ ಹಂಚುವುದು, ಆಟೋದ ಮೇಲೆ ಧ್ವನಿವರ್ಧಕವನ್ನಿಟ್ಟು ಕೂಗಿಸುವುದು, ರಜದಲ್ಲಿ ಉಪಾಧ್ಯಾಯರನ್ನೇ ಮನೆಮನೆಗೆ ಕಳುಹಿಸುವುದು—ಇವು ಮೊದಲನೆಯ ಬಗೆ. ಕೇಳಲಿ ಬಿಡಲಿ, ಎಲ್ಲರ ಕಿವಿಗೂ ಹಾಕುವುದು ಇದರ ಸ್ವಭಾವ. ಎರಡನೆಯದು ಹಾಗಲ್ಲ. ಬೇಕಾದವನು ತಾನಾಗಿ ಹುಡುಕಿಕೊಂಡು ಬರುವಂತೆ, ಬಂದವನಿಗೆ ಬೇಕಾದ ವಿಷಯವು ಅಲ್ಲಿಯೇ ದೊರೆಯುವಂತೆ ಮೊದಲೇ ಸಿದ್ಧಪಡಿಸಿಡುವುದು. ಇದಕ್ಕೆ ವ್ಯಾಪಾರದವರು ‘ಇನ್‌ಬೌಂಡ್ ಮಾರ್ಕೆಟಿಂಗ್’ ಎಂದು ಹೆಸರಿಟ್ಟಿದ್ದಾರೆ. ಅಮೆರಿಕದಲ್ಲಿ 2006ನೆಯ ಇಸವಿಯಲ್ಲಿ ಬ್ರಯಾನ್ ಹ್ಯಾಲಿಗನ್, ಧರ್ಮೇಶ್ ಷಾ ಎಂಬಿಬ್ಬರು ಹಬ್‌ಸ್ಪಾಟ್ ಎಂಬ ಕಂಪನಿಯನ್ನು ಸ್ಥಾಪಿಸಿ ಈ ಹೆಸರನ್ನು ಲೋಕದಲ್ಲೆಲ್ಲ ಹರಡಿದರು. 2009ರಲ್ಲಿ ಇದೇ ಹೆಸರಿನ ಗ್ರಂಥವನ್ನೂ ಪ್ರಕಟಿಸಿದರು.

ಹೆಸರು ಹೊಸದಾದರೂ ತತ್ತ್ವವು ಹಳೆಯದು. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘವೂ, ಬೆಳಗಾವಿಯ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯೂ ಹುಟ್ಟಿದುದು 1916ನೆಯ ಇಸವಿಯಲ್ಲಿ. ಇಂಥ ಸಂಸ್ಥೆಗಳು ಬೆಳೆದ ಕಾಲದಲ್ಲಿ ಜಾಲತಾಣವೆಲ್ಲಿ? ಓದಿ ಹೊರಬಂದ ವಿದ್ಯಾರ್ಥಿಯೇ ಶಾಲೆಯ ಪ್ರಕಟನೆಯಾಗಿದ್ದನು. ಒಬ್ಬನ ನಡೆನುಡಿಯನ್ನೂ ವಿದ್ಯೆಯನ್ನೂ ಕಂಡು ಮತ್ತೊಬ್ಬನು ತನ್ನ ಮಗನನ್ನು ಅಲ್ಲಿಗೆ ಕಳುಹಿಸುತ್ತಿದ್ದನು. ಬಾವಿಯಲ್ಲಿ ಸಿಹಿನೀರಿದ್ದರೆ ದಾರಿಯನ್ನು ಜನರೇ ಮಾಡಿಕೊಳ್ಳುವರಷ್ಟೆ. ಈಗಿನ ಪದ್ಧತಿಯಲ್ಲಿ ವ್ಯತ್ಯಾಸವೇನೆಂದರೆ, ಬಾವಿಗೆ ಎಷ್ಟು ಮಂದಿ ಬಂದರು, ಯಾವ ದಾರಿಯಿಂದ ಬಂದರು, ಎಷ್ಟು ಹೊತ್ತು ನಿಂತರು, ಕೊಡ ತುಂಬಿಕೊಂಡರೋ ಬರಿಗೈಯಲ್ಲಿ ಹೋದರೋ ಎಂಬುದನ್ನೆಲ್ಲ ಬರೆದಿಡುವ ಲೆಕ್ಕಿಗನೊಬ್ಬನನ್ನು ಕಟ್ಟೆಯ ಮೇಲೆ ಕೂರಿಸಿದ್ದಾರೆ.

ಆ ಲೆಕ್ಕಿಗನ ಹೆಸರೇ ‘ವೆಬ್ ಅನಲಿಟಿಕ್ಸ್’. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗೂಗಲ್ ಕಂಪನಿಯದು. 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡುಕೊಂಡ ಗೂಗಲ್, ಅದೇ ವರ್ಷ ಇದನ್ನು ಗೂಗಲ್ ಅನಲಿಟಿಕ್ಸ್ ಎಂಬ ಹೆಸರಿನಿಂದ ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಇದರ ಕೆಲಸವನ್ನು ಸರಳವಾಗಿ ಹೀಗೆ ತಿಳಿಯಬಹುದು. ಶಾಲೆಯ ಜಾಲತಾಣದ ಪ್ರತಿಯೊಂದು ಪುಟದಲ್ಲಿಯೂ ಕಣ್ಣಿಗೆ ಕಾಣದ ಒಂದು ಚಿಕ್ಕ ಬರಹವನ್ನು ಸೇರಿಸಿರುತ್ತಾರೆ. ಪುಟವು ನಿಮ್ಮ ಮೊಬೈಲಿನಲ್ಲಿ ತೆರೆದ ಕೂಡಲೇ ಆ ಬರಹವು ಗೂಗಲಿನ ಯಂತ್ರಕ್ಕೆ ಸುದ್ದಿ ಮುಟ್ಟಿಸುವುದು: ಇಂಥ ಪುಟವು ತೆರೆಯಿತು, ಬಂದವರು ಗೂಗಲಿನಲ್ಲಿ ಹುಡುಕಿ ಬಂದರು, ಇಲ್ಲವೆ ಫೇಸ್‌ಬುಕ್ಕಿನ ಜಾಹೀರಾತನ್ನು ಒತ್ತಿ ಬಂದರು, ಮೊಬೈಲಿನಿಂದ ನೋಡುತ್ತಿದ್ದಾರೆ, ಸುಮಾರಾಗಿ ಇಂಥ ಊರಿನವರು, ಇಷ್ಟು ಹೊತ್ತು ಇದ್ದರು ಎಂದು. ಮತ್ತೆ ಬಂದಾಗ ಗುರುತು ಹಿಡಿಯುವುದಕ್ಕಾಗಿ ಮೊಬೈಲಿನಲ್ಲಿಯೇ ‘ಕುಕ್ಕಿ’ ಎಂಬ ಒಂದು ಸಣ್ಣ ಚೀಟಿಯನ್ನು ಬಿಟ್ಟುಹೋಗುವುದು. ನಿಮ್ಮ ಹೆಸರು ಅದಕ್ಕೆ ಬೇಡ. ಚೀಟಿಯ ಸಂಖ್ಯೆಯೇ ಸಾಕು. ಒಂದು ಸಲ ಒಂದು ಶಾಲೆಯ ಪುಟವನ್ನು ನೋಡಿದವರಿಗೆ, ಆಮೇಲೆ ಬೇರೆ ಏನನ್ನೋ ಓದುತ್ತಿರುವಾಗಲೂ ಅದೇ ಶಾಲೆಯ ಜಾಹೀರಾತು ಎದುರಾಗುವುದುಂಟು. ಅದು ಕಾಕತಾಳೀಯವಲ್ಲ, ಜಾಹೀರಾತಿನವರೂ ಇಂಥದೇ ಚೀಟಿಯನ್ನಿಟ್ಟು ಬೆನ್ನು ಹತ್ತಿದ್ದಾರೆಂದು ತಿಳಿಯಬೇಕು.

ಇದರಲ್ಲಿ ಕೇಡೇ ಇದೆಯೆಂದು ಹೇಳಲಾಗದು. ವಿವೇಕದಿಂದ ಬಳಸಿದರೆ ಶಾಲೆಗೂ ಗೃಹಸ್ಥನಿಗೂ ಪ್ರಯೋಜನವುಂಟು. ಒಂದು ಶಾಲೆಯ ಜಾಲತಾಣದಲ್ಲಿ ಎಲ್ಲ ಪುಟಗಳಿಗಿಂತ ಶುಲ್ಕದ ಪುಟವನ್ನೇ ಹೆಚ್ಚು ಮಂದಿ ತೆರೆಯುತ್ತಾರೆ, ಆದರೆ ಅಲ್ಲಿ ‘ಕಚೇರಿಯಲ್ಲಿ ವಿಚಾರಿಸಿರಿ’ ಎಂಬ ಒಂದೇ ಸಾಲಿರುವುದರಿಂದ ಕೂಡಲೇ ಮುಚ್ಚಿಕೊಂಡು ಹೋಗುತ್ತಾರೆ ಎಂದಿಟ್ಟುಕೊಳ್ಳೋಣ. ಲೆಕ್ಕವನ್ನು ನೋಡಿದ ಆಡಳಿತ ಮಂಡಲಿಯವರಿಗೆ ಜನರ ಮನಸ್ಸು ತಿಳಿಯಬೇಕು. ಶುಲ್ಕವೆಷ್ಟು, ಎಷ್ಟು ಕಂತುಗಳಲ್ಲಿ ಕಟ್ಟಬಹುದು, ವಾಹನಕ್ಕೆ ಬೇರೆ ಕೊಡಬೇಕೆ, ಸಮವಸ್ತ್ರ ಪುಸ್ತಕಗಳಿಗೆ ಎಷ್ಟಾಗುವುದು ಎಂಬುದನ್ನು ಸ್ಪಷ್ಟವಾಗಿ ಬರೆದರೆ ಕೇಳುವವನ ಸಂಕೋಚವೂ ಹೇಳುವವನ ಶ್ರಮವೂ ತಪ್ಪುವುವು. ಜನರು ಏನನ್ನು ಕೇಳುತ್ತಿದ್ದಾರೆಂಬುದನ್ನು ಎಣಿಕೆಯಿಂದ ತಿಳಿದು ಅದಕ್ಕೆ ನಿಜವಾದ ಉತ್ತರವನ್ನು ಕೊಡುವುದೇ ಈ ವಿದ್ಯೆಯ ಸದುಪಯೋಗ.

ಆದರೆ ಲೆಕ್ಕಿಗನ ಮಾತನ್ನೆಲ್ಲ ವೇದವಾಕ್ಯವೆಂದು ನಂಬುವಂತಿಲ್ಲ. ಗ್ರಾಮಗಳ ಮಟ್ಟಿಗೆ ಅವನ ಕಣ್ಣು ಮಂಜು. ಒಂದು ಮನೆಯಲ್ಲಿ ಒಂದೇ ಮೊಬೈಲಿದ್ದು ತಂದೆ, ತಾಯಿ, ಅಕ್ಕ ಮೂವರೂ ನೋಡಿದರೆ ಅವನ ಪುಸ್ತಕದಲ್ಲಿ ಒಬ್ಬರೇ. ಒಬ್ಬನೇ ಎರಡು ಮೊಬೈಲುಗಳಲ್ಲಿ ನೋಡಿದರೆ ಇಬ್ಬರು. ನೆಂಟರು ವಾಟ್ಸಾಪಿನಲ್ಲಿ ಕಳುಹಿಸಿದ ಕೊಂಡಿಯನ್ನು ಒತ್ತಿ ಬಂದವನು ಎಲ್ಲಿಂದ ಬಂದನೆಂಬುದು ಅನೇಕ ವೇಳೆ ಅವನಿಗೆ ತಿಳಿಯುವುದೇ ಇಲ್ಲ. ‘ನೇರವಾಗಿ ಬಂದವರು’ ಎಂದು ಬರೆದುಕೊಳ್ಳುವನು. ಮೊಬೈಲಿನ ಇಂಟರ್‌ನೆಟ್ಟು ದೂರದ ಪಟ್ಟಣದ ಯಂತ್ರಗಳ ಮೂಲಕ ಹಾಯ್ದುಬರುವುದರಿಂದ, ಎಮ್ಮಿಗನೂರಿನ ಜಗಲಿಯ ಮೇಲೆ ಕುಳಿತು ನೋಡಿದವನು ಬೆಂಗಳೂರಿನವನೆಂದು ಲೆಕ್ಕಕ್ಕೆ ಸೇರಬಹುದು. ಹೆಸರಿನ ತೊಡಕೂ ಒಂದುಂಟು. ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ ಇದೇ ಹೆಸರಿನ, ನೇಕಾರರಿಗೆ ಹೆಸರಾದ, ಇದಕ್ಕಿಂತ ಬಹು ದೊಡ್ಡದಾದ ಊರೊಂದಿದೆ. ಊರಿನ ಹೆಸರನ್ನು ಮಾತ್ರ ಬರೆದು ಹುಡುಕಿದವನಿಗೆ ಆ ಊರಿನ ಶಾಲೆಗಳು ಕಂಡುಬಂದರೆ ಆಶ್ಚರ್ಯವಿಲ್ಲ. ಆದಕಾರಣ ಹುಡುಕುವವರು ಊರಿನೊಡನೆ ಕಂಪ್ಲಿ, ಬಳ್ಳಾರಿ ಎಂಬ ಹೆಸರುಗಳನ್ನೂ ಸೇರಿಸಬೇಕು. ಶಾಲೆಯವರೂ ತಮ್ಮ ಪುಟದಲ್ಲಿ ತಾಲೂಕು, ಜಿಲ್ಲೆ, ಅಂಚೆಯ ಪಿನ್ ಸಂಖ್ಯೆಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಬೇಕು.

ಇನ್ನೊಂದು ಸಂಗತಿ. ಗೂಗಲಿನ ಈಗಿನ ಎಣಿಕೆಯಲ್ಲಿ ಒಬ್ಬನು ಹತ್ತು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಜಾಲತಾಣದಲ್ಲಿದ್ದರೆ, ಇಲ್ಲವೆ ಎರಡು ಪುಟಗಳನ್ನು ತೆರೆದರೆ, ಅವನು ಮನಸ್ಸಿಟ್ಟು ನೋಡಿದವನೆಂದು ಲೆಕ್ಕ. ಹತ್ತು ಸೆಕೆಂಡಿನಲ್ಲಿ ಒಂದು ಲೋಟ ನೀರನ್ನೂ ಸಾವಕಾಶವಾಗಿ ಕುಡಿಯಲಾಗದು. ‘ಈ ತಿಂಗಳು ಸಾವಿರ ಮಂದಿ ಆಸಕ್ತರು ನಮ್ಮ ಶಾಲೆಯನ್ನು ನೋಡಿದರು’ ಎಂದು ಯಾರಾದರೂ ಆಡಳಿತ ಮಂಡಲಿಗೆ ವರದಿಯನ್ನೊಪ್ಪಿಸಿದರೆ, ಆ ಆಸಕ್ತಿಯ ಅಳತೆಗೋಲು ಇಷ್ಟು ಗಿಡ್ಡದೆಂಬುದನ್ನು ಮಂಡಲಿಯವರು ಮರೆಯಬಾರದು.

ಶಾಲೆಯನ್ನು ನಡೆಸುವವರೂ ಈ ಪತ್ರಿಕೆಯ ವಾಚಕರಲ್ಲಿರುವರಾದ್ದರಿಂದ ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಇದು ಕೇವಲ ಕಲ್ಪನೆಯ ಲೆಕ್ಕ. ಒಂದು ಶಾಲೆಯು ಜಾಹೀರಾತಿಗೆ 20,000 ರೂಪಾಯಿ ಖರ್ಚು ಮಾಡಿತು. ಸಾವಿರ ಮಂದಿ ಪುಟವನ್ನು ನೋಡಿದರು. ಅವರಲ್ಲಿ 60 ಮಂದಿ ಮೊಬೈಲ್ ಸಂಖ್ಯೆಯನ್ನು ಬರೆದರು. 25 ಮಂದಿ ಶಾಲೆಗೆ ಬಂದು ನೋಡಿದರು. 10 ಮಕ್ಕಳು ಸೇರಿದರು. ಸಾವಿರವೆಂಬ ಸಂಖ್ಯೆಯನ್ನು ಕಂಡವನು ಹಿಗ್ಗುವನು. ಹತ್ತೆಂಬುದನ್ನು ಕಂಡವನು ಮಗುವೊಂದಕ್ಕೆ 2,000 ರೂಪಾಯಿ ಬಿದ್ದಿತೆಂದು ಹೇಳುವನು. ಇಲ್ಲಿಗೆ ಸಾಮಾನ್ಯವಾಗಿ ಲೆಕ್ಕವನ್ನು ಮುಗಿಸಿಬಿಡುತ್ತಾರೆ. ಆದರೆ ಮುಂದಿನ ಜೂನ್ ತಿಂಗಳಿನಲ್ಲಿ ಆ ಹತ್ತು ಮಕ್ಕಳಲ್ಲಿ ನಾಲ್ವರನ್ನು ತಂದೆತಾಯಿಗಳು ಬಿಡಿಸಿಕೊಂಡು ಹೋದರೆ? ಆಗ ಉಳಿದ ಆರು ಮಕ್ಕಳ ಮೇಲೆ ಆ ಖರ್ಚೆಲ್ಲ ಬೀಳುವುದು. ಮಗುವೊಂದಕ್ಕೆ 3,333 ರೂಪಾಯಿಯಾಯಿತು. ಹೋದ ನಾಲ್ಕು ಮನೆಗಳವರು ಊರಿನಲ್ಲಿ ಆಡುವ ಮಾತಿನ ನಷ್ಟವನ್ನು ಯಾವ ಯಂತ್ರವೂ ಬರೆದಿಡದು. ಎರಡನೆಯ ವರ್ಷಕ್ಕೆ ಎಷ್ಟು ಮಕ್ಕಳು ಉಳಿದರೆಂಬುದೇ ಶಾಲೆಯ ನಿಜವಾದ ಎಣಿಕೆ. ಅದಕ್ಕೆ ಗೂಗಲ್ ಬೇಕಾಗಿಲ್ಲ. ಹಾಜರಿಯ ಪುಸ್ತಕವೇ ಸಾಕು.

ಮೊಬೈಲ್ ಸಂಖ್ಯೆಗಳನ್ನು ಕೂಡಿಸುವುದನ್ನೇ ವಿದ್ಯಾದಾನಕ್ಕಿಂತ ಮುಂದೆ ಮಾಡಿದರೆ ಏನಾಗುವುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ಬೆಂಗಳೂರಿನ ಬೈಜೂಸ್ ಕಂಪನಿಯು ಶಾಲೆಯಲ್ಲದಿದ್ದರೂ ಶಾಲೆಯ ಪಾಠಗಳನ್ನೇ ಮೊಬೈಲಿನಲ್ಲಿ ಮಾರುತ್ತಿದ್ದ ಸಂಸ್ಥೆ. ಅದು 2011ರಲ್ಲಿ ಸ್ಥಾಪನೆಯಾಗಿ, 2019ರಲ್ಲಿ ಭಾರತದ ಕ್ರಿಕೆಟ್ ಪಂಗಡದ ಅಂಗಿಯ ಮೇಲೆ ತನ್ನ ಹೆಸರನ್ನು ಬರೆಯಿಸುವಷ್ಟು ಬೆಳೆಯಿತು. ಉಚಿತ ಪಾಠವನ್ನು ನೋಡಲು ಸಂಖ್ಯೆಯನ್ನು ಕೊಟ್ಟ ಮನೆಗಳಿಗೆ ಮಾರಾಟದವರ ಕರೆಗಳು ಬರುತ್ತಿದ್ದುವು. ತಂದೆತಾಯಿಗಳನ್ನು ಒತ್ತಾಯಪಡಿಸಿ ಪಾಠಗಳನ್ನು ಮಾರುತ್ತಿದ್ದಾರೆಂಬ ಆಪಾದನೆಯ ಮೇಲೆ ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗವು 2022ರ ಡಿಸೆಂಬರಿನಲ್ಲಿ ಅದರ ಮುಖ್ಯಸ್ಥರನ್ನು ವಿಚಾರಣೆಗೆ ಕರೆಯಿಸಿತು. ಭಾರತದ ಕ್ರಿಕೆಟ್ ಮಂಡಲಿಗೆ ಕೊಡಬೇಕಾಗಿದ್ದ ಬಾಕಿಯ ಕಾರಣದಿಂದ 2024ರ ಜುಲೈ ತಿಂಗಳಿನಲ್ಲಿ ಕಂಪನಿ ಕಾಯಿದೆಯ ನ್ಯಾಯಮಂಡಲಿಯ ಬೆಂಗಳೂರು ಪೀಠವು ದಿವಾಳಿಯ ನಡವಳಿಯನ್ನು ಆರಂಭಿಸಿತು. ಅದರ ಪತನಕ್ಕೆ ಸಾಲವೇ ಮೊದಲಾದ ಅನೇಕ ಕಾರಣಗಳಿದ್ದುವು. ಆದರೂ ಲಕ್ಷಾಂತರ ಮಂದಿ ವಿಚಾರಿಸಿದರೆಂಬುದೇ ಒಂದು ವಿದ್ಯಾಸಂಸ್ಥೆಯ ಗಟ್ಟಿತನಕ್ಕೆ ಸಾಕ್ಷಿಯಾಗದೆಂಬುದನ್ನು ಅದು ಲೋಕಕ್ಕೆ ತೋರಿಸಿತು.

ಇನ್ನು ಆ ‘ಸಣ್ಣ ಕಾಗದ’ದ ವಿಚಾರ. ಅದರಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ, ಆದಾಯ, ಕೆಲವೆಡೆ ಭಾವಚಿತ್ರವನ್ನೂ ಕೇಳುವುದುಂಟು. ಶುಲ್ಕವನ್ನು ವಿಚಾರಿಸುವುದಕ್ಕೆ ಇವೆಲ್ಲವೂ ಏತಕ್ಕೆ ಬೇಕು? ಸಂತೆಯಲ್ಲಿ ಅಕ್ಕಿಯ ಬೆಲೆ ಕೇಳಿದವನನ್ನು ಮನೆಯಲ್ಲಿ ಎಷ್ಟು ಮಂದಿ ಉಣ್ಣುವರೆಂದು ಯಾರೂ ಕೇಳರು. ನಮ್ಮ ದೇಶದಲ್ಲಿ 2023ನೆಯ ಇಸವಿಯಲ್ಲಿ ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ ಒಂದು ಕಾಯಿದೆಯಾಗಿದೆ. ಅದರ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಬೇಕಾದರೆ ತಂದೆತಾಯಿಗಳ ಒಪ್ಪಿಗೆಯನ್ನು ಪರಿಶೀಲಿಸಬಹುದಾದ ರೀತಿಯಲ್ಲಿ ಪಡೆಯಬೇಕು. ಮಕ್ಕಳ ಚಲನವಲನಗಳನ್ನು ಹಿಂಬಾಲಿಸಿ ನೋಡುವುದನ್ನೂ, ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಈ ಕಾಯಿದೆಯು ನಿಷೇಧಿಸುವುದು. ಮಕ್ಕಳ ವಿಷಯದಲ್ಲಿ ತಪ್ಪಿ ನಡೆದವರಿಗೆ 200 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯವಾದ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನಿಟ್ಟಿದ್ದಾರೆ. ಪಾಠಪ್ರವಚನ ಮತ್ತು ಮಕ್ಕಳ ಸುರಕ್ಷತೆ ಇವುಗಳ ಮಟ್ಟಿಗೆ ವಿದ್ಯಾಸಂಸ್ಥೆಗಳಿಗೆ ಕೆಲವು ವಿನಾಯಿತಿಗಳುಂಟು, ಜಾಹೀರಾತು ಪಾಠಪ್ರವಚನವಾಗದು. ಕಾಯಿದೆಯ ದಾರಿಯನ್ನು ಕಾಯದೆ ಗೃಹಿಣಿಯರು ಇಂದೇ ಮಾಡಬಹುದಾದ ಕೆಲಸವೊಂದಿದೆ: ಮೊದಲನೆಯ ವಿಚಾರಣೆಗೆ ನಿಮ್ಮ ಹೆಸರು, ಮಗು ಸೇರಬೇಕಾದ ತರಗತಿ, ಒಂದು ಮೊಬೈಲ್ ಸಂಖ್ಯೆ ಇಷ್ಟನ್ನೇ ಕೊಡಿರಿ. ಮಗುವಿನ ಹೆಸರು, ಜನನ ಪತ್ರ, ಆಧಾರ್, ಭಾವಚಿತ್ರಗಳು ಸೇರಿಸುವುದೆಂದು ನಿಶ್ಚಯವಾದ ಮೇಲೆ, ಶಾಲೆಯ ಕಚೇರಿಯಲ್ಲಿ, ರಸೀತಿಯೊಡನೆ.

ಚಿತ್ರಗಳ ಅಂದಕ್ಕೆ ಮರುಳಾಗಿ ಮುಖ್ಯವಾದುದನ್ನು ಕೇಳದೆ ಬಿಡುವುದರಿಂದ ಪಟ್ಟಣಿಗರೂ ಕಷ್ಟಕ್ಕೆ ಸಿಕ್ಕಿದ್ದಾರೆ. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ, ಸಿ.ಬಿ.ಎಸ್.ಇ. ಪಠ್ಯಕ್ರಮವೆಂದು ನಂಬಿ ಮಕ್ಕಳನ್ನು ಸೇರಿಸಿದ್ದ ತಂದೆತಾಯಿಗಳು, ಶಾಲೆಗೆ ಆ ಮಂಡಲಿಯ ಮಾನ್ಯತೆಯೇ ಇಲ್ಲವೆಂದು ತಿಳಿದು ಬಾಗಿಲಲ್ಲಿ ನಿಂತು ಪ್ರತಿಭಟಿಸಿದ ಸುದ್ದಿಯು ಪತ್ರಿಕೆಗಳಲ್ಲಿ ಬಂದಿತ್ತು. ಓದುಬರಹ ಬಲ್ಲವರಿಗೂ, ಇಂಟರ್‌ನೆಟ್ಟನ್ನು ದಿನವೆಲ್ಲ ಬಳಸುವವರಿಗೂ ಹೀಗಾಯಿತೆಂಬುದನ್ನು ಗಮನಿಸಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಬಲ್ಲವರೇ ಬಣ್ಣದ ಪುಟದ ಮುಂದೆ ಅದನ್ನು ಮರೆಯುತ್ತಾರೆ.

ಸಂತೋಷದ ಸಂಗತಿಯೆಂದರೆ, ಶಾಲೆಯು ನಮ್ಮನ್ನು ಎಣಿಸುವಂತೆ ನಾವೂ ಶಾಲೆಯನ್ನು ಎಣಿಸಬಹುದು. ಅದಕ್ಕೂ ಅದೇ ಮೊಬೈಲು ಸಾಕು. ನಮ್ಮ ದೇಶದ ಶಾಲೆಗಳಿಗೆ ಯುಡೈಸ್ ಎಂಬ 11 ಅಂಕಿಗಳ ಗುರುತಿನ ಸಂಖ್ಯೆಯುಂಟು. ಮೊದಲಿನ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುವುವು. ಕರ್ನಾಟಕದ ಶಾಲೆಗಳದು 29ರಿಂದ ಆರಂಭವಾಗುವುದು. ಈ ಸಂಖ್ಯೆಯನ್ನು ಕೇಳಿ ಪಡೆದು, ಕೇಂದ್ರ ಸರಕಾರದ ಯುಡೈಸ್ ತಾಣದಲ್ಲಿ ಹುಡುಕಿದರೆ, ಆ ಶಾಲೆಯಲ್ಲಿ ಮಕ್ಕಳೆಷ್ಟು, ಉಪಾಧ್ಯಾಯರೆಷ್ಟು, ಕೊಠಡಿ ಶೌಚಾಲಯಗಳೆಷ್ಟು ಎಂಬ ವಿವರವು ದೊರೆಯುವುದು. ಅದು ಶಾಲೆಯವರೇ ಸರಕಾರಕ್ಕೆ ಬರೆದುಕೊಟ್ಟ ವಿವರವಾದ್ದರಿಂದ ಕಣ್ಣಾರೆ ನೋಡಿ ಹೋಲಿಸುವುದಕ್ಕೆ ಅನುಕೂಲ. ಸಿ.ಬಿ.ಎಸ್.ಇ. ಮಂಡಲಿಗೆ ಸೇರಿದ ಶಾಲೆಯಾದರೆ ಇನ್ನೂ ಸುಲಭ. ಅಂಥ ಶಾಲೆಗಳು ತಮ್ಮ ಮಾನ್ಯತೆಯ ಸಂಖ್ಯೆ, ಶುಲ್ಕ, ಉಪಾಧ್ಯಾಯರ ಸಂಖ್ಯೆ, ಪರೀಕ್ಷೆಯ ಫಲಿತಾಂಶ, ಕಟ್ಟಡದ ಮತ್ತು ಬೆಂಕಿಯ ಸುರಕ್ಷತೆಯ ಪ್ರಮಾಣಪತ್ರಗಳು ಮೊದಲಾದುವನ್ನು ಜಾಲತಾಣದಲ್ಲಿ ಸಾರ್ವಜನಿಕರಿಗೆ ತೋರಿಸಲೇಬೇಕೆಂದು ಮಂಡಲಿಯು 2021ರ ಮಾರ್ಚಿಯಲ್ಲಿ ಸುತ್ತೋಲೆ ಹೊರಡಿಸಿದೆ. ನಗುವ ಮಕ್ಕಳ ಚಿತ್ರಗಳಿದ್ದು ಈ ಪುಟವೇ ಇಲ್ಲದಿದ್ದರೆ, ಕೇಳಲೇಬೇಕಾದ ಪ್ರಶ್ನೆಯು ಸಿಕ್ಕಿತೆಂದು ತಿಳಿಯಿರಿ.

ಇನ್ನು ಶಾಲೆಗೆ ಹೋದಾಗ ಕೇಳಬೇಕಾದುವು. ಇವನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗುವುದು ಲೇಸು.

ಮೊದಲನೆಯದು: ಶಾಲೆಗೆ ಸರಕಾರದ ಮಾನ್ಯತೆಯು ಯಾವ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ, ಯಾವ ಪಠ್ಯಕ್ರಮಕ್ಕೆ ಇದೆ? ಪತ್ರವನ್ನು ತೋರಿಸಿರೆಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. 2009ನೆಯ ಇಸವಿಯ ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಮಾನ್ಯತೆಯಿಲ್ಲದೆ ಶಾಲೆಯನ್ನು ನಡೆಸುವಂತಿಲ್ಲ.

ಎರಡನೆಯದು: ಒಟ್ಟು ಖರ್ಚು ಎಷ್ಟು, ರಸೀತಿ ಕೊಡುವರೇ? ಮೇಲೆ ಹೇಳಿದ ಕಾಯಿದೆಯು ಡೊನೇಶನ್ ಪಡೆಯುವುದನ್ನೂ, ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸುವುದನ್ನೂ ನಿಷೇಧಿಸಿದೆ. ನಮ್ಮ ರಾಜ್ಯದಲ್ಲಿ ಡೊನೇಶನ್ನಿನ ವಿರುದ್ಧ 1984ರಷ್ಟು ಹಿಂದೆಯೇ ಬೇರೊಂದು ಕಾಯಿದೆಯೂ ಆಗಿದೆ. ಕಾಯಿದೆಯಲ್ಲಿರುವ ನೂರಕ್ಕೆ 25 ಉಚಿತ ಸ್ಥಾನಗಳ ಮಾತನ್ನು ಕೇಳಿ ಆಸೆಪಡುವವರು ಇನ್ನೊಂದನ್ನು ತಿಳಿದಿರಬೇಕು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದು ಕರ್ನಾಟಕವು 2019ರ ಜನವರಿಯಲ್ಲಿ ನಿಯಮವನ್ನು ತಿದ್ದಿತು.

ಮೂರನೆಯದು: ಕಂತುಗಳ ಕಾಲ ಯಾವುದು? ಶಾಲೆಯ ವರ್ಷವು ಜೂನಿನಲ್ಲಿ ಆರಂಭವಾಗುವುದು. ಮುಂಗಾರಿನ ಭತ್ತವು ಕೈಗೆ ಬರುವುದು ನವೆಂಬರು ಡಿಸೆಂಬರಿನಲ್ಲಿ. ಎರಡನೆಯ ಬೆಳೆಗೆ ಕಾಲುವೆಯ ನೀರು ಬಾರದ ವರ್ಷವಂತೂ ಜೂನಿನಲ್ಲಿ ರೈತನ ಕೈ ಬರಿದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಬಾಗಿಲು ಕೊಚ್ಚಿಹೋದಾಗ ಈ ಸೀಮೆಯ ರೈತರೆಲ್ಲ ಪಟ್ಟ ಆತಂಕವನ್ನು ಮರೆತಿಲ್ಲವಷ್ಟೆ. ಸಾಲ ಮಾಡಿ ಕಟ್ಟಿದ ಶುಲ್ಕಕ್ಕೆ ಬಡ್ಡಿಯೂ ಸೇರುವುದು. ಸುಗ್ಗಿಯ ಕಾಲಕ್ಕೆ ಕಂತನ್ನಿಡುವ ಶಾಲೆಯು ಈ ಸೀಮೆಯನ್ನು ಬಲ್ಲ ಶಾಲೆ.

ನಾಲ್ಕನೆಯದು: ವಾಹನದ ದಾರಿ ಯಾವುದು? ಗಂಗಾವತಿಯ ಶಾಲೆಯನ್ನು ಆರಿಸುವವರಿಗೆ ಇದು ಮುಖ್ಯ. ಅಣೆಕಟ್ಟೆಯಿಂದ ಹೆಚ್ಚು ನೀರನ್ನು ಬಿಟ್ಟಾಗ ಕಂಪ್ಲಿಯ ಸೇತುವೆಯು ಮುಳುಗಿ ಸಂಚಾರವು ನಿಲ್ಲುವುದೆಂಬುದು ಎಲ್ಲರೂ ಕಂಡುದೇ. ಮಕ್ಕಳು ಆಚೆಯ ದಡದಲ್ಲಿರುವಾಗ ಸೇತುವೆ ಮುಚ್ಚಿದರೆ ಅವರನ್ನು ಯಾರು ನೋಡಿಕೊಳ್ಳುವರು, ಯಾವ ದಾರಿಯಿಂದ ಕರೆತರುವರು, ಮನೆಗೆ ಯಾರು ತಿಳಿಸುವರು? ಇದಕ್ಕೆ ಉತ್ತರವು ಜಾಲತಾಣದ ಚಿತ್ರಗಳಲ್ಲಿ ಸಿಕ್ಕುವಂತಿಲ್ಲ.

ಐದನೆಯದು: ಹೋದ ವರ್ಷ ಇದ್ದ ಉಪಾಧ್ಯಾಯರಲ್ಲಿ ಈ ವರ್ಷ ಎಷ್ಟು ಮಂದಿ ಇದ್ದಾರೆ? ಹೋದ ವರ್ಷದ ಮಕ್ಕಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಇವೆರಡಕ್ಕೂ ತಡವರಿಸದೆ ಉತ್ತರ ಬಂದರೆ ಅರ್ಧ ಪರೀಕ್ಷೆ ಮುಗಿದಂತೆ. ಉಳಿದರ್ಧಕ್ಕೆ ಆ ಶಾಲೆಯ ಮೂರನೆಯ ತರಗತಿಯ ಮಗುವೊಂದನ್ನು ಅದರ ಮನೆಯಲ್ಲಿ ಕಂಡು, ಒಂದು ಪುಟ ಕನ್ನಡವನ್ನು ಓದಿಸಿ, ಅದರ ಅರ್ಥವನ್ನು ಕೇಳಿರಿ.

ಇದೇ ಪ್ರಶ್ನೆಗಳನ್ನು ಊರಿನ ಸರಕಾರಿ ಶಾಲೆಯಲ್ಲಿಯೂ ಕೇಳಬೇಕು. ಅದಕ್ಕೆ ಜಾಹೀರಾತಿಲ್ಲವೆಂಬ ಮಾತ್ರದಿಂದ ಅದನ್ನು ಲೆಕ್ಕದಿಂದ ಬಿಡುವುದು ನ್ಯಾಯವಲ್ಲ. ಮೊಬೈಲಿನಲ್ಲಿ ಕಾಣದುದು ಲೋಕದಲ್ಲಿಯೇ ಇಲ್ಲವೆಂಬ ಭಾವನೆಯು ಈ ಕಾಲದ ದೊಡ್ಡ ಭ್ರಮೆ. ಮನೆಯಿಂದ ಹತ್ತು ನಿಮಿಷ ನಡೆದು ಹೋಗಬಹುದಾದ ಶಾಲೆಯಲ್ಲಿ ಒಳ್ಳೆಯ ಉಪಾಧ್ಯಾಯರೊಬ್ಬರಿದ್ದರೆ, ದಿನಕ್ಕೆ ಎರಡು ತಾಸು ವಾಹನದಲ್ಲಿ ತೂಕಡಿಸುತ್ತ ಹೋಗುವ ಮಗುವಿಗಿಂತ ಅಲ್ಲಿಯ ಮಗುವೇ ಭಾಗ್ಯವಂತ.

ಊರಿನಲ್ಲಿಯೇ ಚಿಕ್ಕ ಖಾಸಗಿ ಶಾಲೆಗಳನ್ನು ಕಷ್ಟಪಟ್ಟು ನಡೆಸುತ್ತಿರುವವರಿಗೂ ಒಂದು ಮಾತು. ಪಟ್ಟಣದ ದೊಡ್ಡ ಸಂಸ್ಥೆಗಳೊಡನೆ ಜಾಹೀರಾತಿನಲ್ಲಿ ಸೆಣಸಿ ಹಣ ಕಳೆದುಕೊಳ್ಳಬೇಕಾಗಿಲ್ಲ. ಗೂಗಲ್ ಭೂಪಟದಲ್ಲಿ ಶಾಲೆಯ ಜಾಗ, ದೂರವಾಣಿ, ಕಚೇರಿಯ ವೇಳೆಗಳನ್ನು ಬರೆಯುವುದಕ್ಕೆ ಹಣವಿಲ್ಲ. ಒಂದೇ ಪುಟದ ಜಾಲತಾಣವಾದರೂ ಸಾಕು. ಅದರಲ್ಲಿ ಮೇಲಿನ ಐದು ಪ್ರಶ್ನೆಗಳಿಗೆ ಕನ್ನಡದಲ್ಲಿ ನಿಜವಾದ ಉತ್ತರಗಳಿರಲಿ. ವರ್ಷಕ್ಕೊಮ್ಮೆ ತಿದ್ದಿರಿ. ವಿಚಾರಿಸಲು ಬಂದ ಪ್ರತಿಯೊಬ್ಬರನ್ನೂ ‘ನಮ್ಮ ವಿಷಯ ನಿಮಗೆ ಹೇಗೆ ತಿಳಿಯಿತು?’ ಎಂದು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ವರ್ಷಕ್ಕೆ ನಲವತ್ತು ಐವತ್ತು ಮಂದಿ ವಿಚಾರಿಸುವ ಶಾಲೆಗೆ ಆ ನೋಟುಪುಸ್ತಕವು ಗೂಗಲಿನ ಲೆಕ್ಕಿಗನಿಗಿಂತ ಹೆಚ್ಚು ಸತ್ಯವನ್ನು ಹೇಳುವುದು. ಐವತ್ತು ಮಂದಿಯ ಲೆಕ್ಕದಲ್ಲಿ ನೂರಕ್ಕೆ ಇಷ್ಟೆಂಬ ಮಾತು ಬೇಡ; ಒಬ್ಬೊಬ್ಬರ ಹೆಸರೂ ನೆನಪಿನಲ್ಲಿರುವಾಗ ಶತಾಂಶವೇತಕ್ಕೆ? ಫಲಿತಾಂಶವನ್ನು ಹಿಗ್ಗಿಸಿ ಬರೆಯಬೇಡಿರಿ. ಇದ್ದುದನ್ನು ಇದ್ದಂತೆ ಹೇಳಿದ ಶಾಲೆಗೆ ಮೊದಲನೆಯ ವರ್ಷ ಎರಡು ಮಕ್ಕಳು ಕಡಿಮೆ ಬಂದಾರು. ಬಂದವರು ಉಳಿಯುವರು, ತಮ್ಮಂದಿರನ್ನೂ ತಂಗಿಯರನ್ನೂ ಕರೆತರುವರು.

ಈ ಬೇಸಗೆಯಲ್ಲಿ ಮಕ್ಕಳನ್ನು ಹೊಸದಾಗಿ ಸೇರಿಸುವ ವಾಚಕರು ಮೊಬೈಲಿನಲ್ಲಿ ಧಾರಾಳವಾಗಿ ಹುಡುಕಲಿ. ಮೂರು ಶಾಲೆಗಳ ಹೆಸರನ್ನು ಅಲ್ಲಿಂದಲೇ ಬರೆದುಕೊಳ್ಳಲಿ. ಆಮೇಲೆ ಅದನ್ನು ಕಿಸೆಯಲ್ಲಿಟ್ಟು, ಶಾಲೆ ನಡೆಯುತ್ತಿರುವ ಒಂದು ದಿನ, ತಂದೆತಾಯಿಗಳಿಬ್ಬರೂ ಕೂಡಿ ಹೋಗಿ ನೋಡಿ ಬರಲಿ. ಬೇಸಗೆಯ ರಜ ಆರಂಭವಾದ ಮೇಲೆ ಹೋದರೆ ಕಾಣುವುದು ಕಟ್ಟಡ ಮಾತ್ರ. ಆದುದರಿಂದ ಏಪ್ರಿಲ್ ಮೊದಲನೆಯ ವಾರದೊಳಗೇ ಈ ಕೆಲಸವನ್ನು ಮುಗಿಸುವುದು ಒಳ್ಳೆಯದು.